ಬೆನ್ನು ತಿರುಗಿಸದೆ ಹೋದವರು

"ಈ ಡ್ರ್ಯಾಗನ್ ಎಷ್ಟು ಕೇಜಿ ಇರಬಹುದು?"

ಲೈಬ್ರರಿಯ ಬೈಂಡಿಂಗ್ ರೂಮಿನ ಬಾಗಿಲಲ್ಲಿ ನಿಂತು ಲಿಫ್ಟ್ ರಿಪೇರಿಯವಳು ಕೇಳಿದ ಮೊದಲ ಪ್ರಶ್ನೆ ಅದು. ತಲೆಯ ಮೇಲೆ ಹಳದಿ ಹೆಲ್ಮೆಟ್, ಸೊಂಟದಲ್ಲಿ ಸ್ಪ್ಯಾನರುಗಳ ಬೆಲ್ಟು, ಕೈಯಲ್ಲಿ ಬೈಂಡರ್ ಒಣಗಲು ಇಟ್ಟಿದ್ದ ಒಂದು ಗ್ರಾಫಿಕ್ ಕಾದಂಬರಿ. ಅವನು ಅಂಟಿನ ಬ್ರಷ್ಷನ್ನು ಡಬ್ಬದ ಅಂಚಿಗೆ ಒರೆಸಿ, ಗೊತ್ತಿಲ್ಲ ಎಂದ.

"ಇಷ್ಟು ದಪ್ಪ ಮೈಗೆ ಈ ರೆಕ್ಕೆ ಸಾಲಲ್ಲ. ನೆಲ ಬಿಟ್ಟು ಏಳೋದೇ ಇಲ್ಲ ಇದು. ಮೇಲೆ ರಾಜಕುಮಾರಿ ಬೇರೆ ಕೂತಿದ್ದಾಳೆ. ಓವರ್‌ಲೋಡ್."

ಪುಸ್ತಕವನ್ನು ಇದ್ದಲ್ಲೇ ಇಟ್ಟು ಹೊರಟವಳು ಎರಡು ಹೆಜ್ಜೆ ಹಾಕಿ ನಿಂತಳು.

"ಕೊನೆಗೆ ಆ ಹುಡುಗಿ ಕೆಳಗೆ ಇಳೀತಾಳಾ?"

"ಓದಿ ನೋಡಿ."

"ಕೊಡಿ ಹಾಗಾದ್ರೆ."

ಶುರುವಾದದ್ದು ಹೀಗೆ. ಲೈಬ್ರರಿಯ ಲಿಫ್ಟು ಮುದಿಯಾಗಿತ್ತು. ವಾರಕ್ಕೊಮ್ಮೆ ಕೈಕೊಡದಿದ್ದರೆ ಅದಕ್ಕೆ ಸಮಾಧಾನವಿರಲಿಲ್ಲ. ಹಾಗೆ ಕೈಕೊಟ್ಟಾಗಲೆಲ್ಲ ಅವಳು ಬರುತ್ತಿದ್ದಳು, ಓದಿದ ಪುಸ್ತಕವನ್ನು ವಾಪಸು ಕೊಡುತ್ತಿದ್ದಳು, ತನ್ನ ವರದಿ ಒಪ್ಪಿಸುತ್ತಿದ್ದಳು. ವರದಿ ಎನ್ನದೆ ಬೇರೆ ಏನೆನ್ನುವುದು? ಲಿಫ್ಟಿನ ಕೇಬಲ್ಲು ಸವೆದಿದೆ ಎಂದು ಹೇಳುವ ಅದೇ ದನಿಯಲ್ಲಿ ಕಾಲಯಂತ್ರಗಳ ಬಗ್ಗೆಯೂ ಹೇಳುತ್ತಿದ್ದಳು.

"ನಾಲ್ಕು ಯುಗ ದಾಟಿ ಬರುತ್ತೆ ಆ ಮೆಷಿನ್ನು. ಸರ್ವೀಸ್ ಮಾಡೋರು ಯಾರು? ಒಂದು ಚಿತ್ರದಲ್ಲೂ ಒಬ್ಬ ಮೆಕ್ಯಾನಿಕ್ ಇಲ್ಲ."

ಮಾಂತ್ರಿಕನ ಗೋಪುರದ ಕಥೆ ಓದಿ ಬಂದಾಗ, "ಅಷ್ಟೆತ್ತರದ ಗೋಪುರ, ಲಿಫ್ಟಿಲ್ಲ. ಕೆಳಗಿಂದ ಹತ್ತೋಕೆ ಶುರು ಮಾಡಿದಾಗ ಗಡ್ಡ ಇರಲಿಲ್ಲ ಅನ್ಸುತ್ತೆ ಪಾಪ," ಎಂದಳು.

ಬೈಂಡರನಿಗೆ ನಗು ತಡೆಯಲಾಗಲಿಲ್ಲ. ಅವಳು ಮಾತ್ರ ನಗಲಿಲ್ಲ. ಚೆನ್ನಾಗಿದೆ, ಚೆನ್ನಾಗಿಲ್ಲ ಎಂಬ ಮಾತು ಅವಳ ಬಾಯಲ್ಲಿ ಒಮ್ಮೆಯೂ ಬಂದದ್ದಿಲ್ಲ. ಆದರೂ ಅವನು ಒಂದು ಗುಟ್ಟು ಕಂಡುಕೊಂಡಿದ್ದ. ಪುಟ ತಿರುಗಿಸುವಾಗ ಅವಳ ಎಡಹುಬ್ಬು ಮೇಲೇರಿ ಹೆಲ್ಮೆಟ್ಟಿನೊಳಗೆ ಮರೆಯಾದರೆ ಆ ಚಿತ್ರ ಪಾಸಾದಂತೆ. ಆ ಹುಬ್ಬಿಗಾಗಿಯೇ ಅವನು ಕಪಾಟುಗಳನ್ನೆಲ್ಲ ಜಾಲಾಡಿ, ತಾರಾಲೋಕದ್ದು, ಯಕ್ಷಲೋಕದ್ದು, ಸಮುದ್ರದಡಿಯ ನಗರದ್ದು ಎಂದು ಪುಸ್ತಕ ಹುಡುಕಿಡುತ್ತಿದ್ದ.

ಇದೆಲ್ಲ ಅವನ ಅಕ್ಕನ ಕಣ್ಣಿಗೆ ಬೀಳದೆ ಇರುತ್ತದೆಯೇ? ಅಕ್ಕ ಅದೇ ಲೈಬ್ರರಿಯ ಕೌಂಟರಿನಲ್ಲಿ ಕೂರುವವಳು. ತಮ್ಮನಿಗೆ ಗೋಂದು ಎಂದು ಹೆಸರಿಟ್ಟವಳೂ ಅವಳೇ. ಹೇಳಬೇಕಾದ ಮಾತು ಅವನ ನಾಲಿಗೆಗೆ ಅಂಟಿಕೊಂಡರೆ ಮತ್ತೆ ಬಿಡಿಸಲು ಬಿಸಿನೀರೇ ಬೇಕು ಎಂಬುದು ಅವಳ ಅನುಭವ.

"ಲೋ ಗೋಂದು, ಲಿಫ್ಟ್ ಕೆಟ್ಟಿದೆ ಅಂತ ಈ ವಾರ ನಾನೇ ಕಂಪ್ಲೇಂಟ್ ಕೊಟ್ಟಿದ್ದೀನಿ. ಕೆಟ್ಟಿಲ್ಲ ಅದು. ಇನ್ನಾದರೂ ಬಾಯಿ ಬಿಡು."

ಆ ವಾರ ಲಿಫ್ಟಿನವಳು ಬಂದವಳು ಪುಸ್ತಕವನ್ನು ಮೇಜಿನ ಮೇಲಿಟ್ಟು, ವರದಿ ಒಪ್ಪಿಸದೆ ನಿಂತಳು.

"ಕಂಪನಿಯವರು ನನ್ನನ್ನ ಬಂದರಿನ ಊರಿಗೆ ಹಾಕ್ತೀವಿ ಅಂತಿದ್ದಾರೆ. ಅಲ್ಲಿ ಎಲ್ಲ ಹೊಸ ಕಟ್ಟಡ, ದೊಡ್ಡ ದೊಡ್ಡ ಲಿಫ್ಟು. ಶುಕ್ರವಾರ ಸಂಜೆಯೊಳಗೆ ಹೂಂ, ಉಹೂಂ ಏನಾದರೂ ಒಂದು ಹೇಳಬೇಕು." ಅವನ ಬೆರಳಿಗೆ ಹತ್ತಿದ್ದ ಅಂಟನ್ನು ನೋಡಿ, ಆಮೇಲೆ ಅವನ ಮುಖವನ್ನೇ ನೋಡಿದಳು. "ನೀವೇನಂತೀರಿ?"

ಹೋಗಬೇಡಿ ಎಂಬ ಒಂದೇ ಒಂದು ಸಣ್ಣ ಮಾತು ಬೈಂಡರನ ಬಾಯಿಯವರೆಗೂ ಬಂತು.

"ದೊಡ್ಡ ಲಿಫ್ಟ್ ಅಂದ್ರೆ... ಒಳ್ಳೇದೇ ಅಲ್ವಾ ಮೇಡಂ," ಎಂದುಬಿಟ್ಟ.

ಅವಳು ಹೋದಮೇಲೆ ಅಕ್ಕ ಹಣೆ ಚಚ್ಚಿಕೊಂಡಳು. "ನೀನು ಮನುಷ್ಯನೋ ಮರದ ಕಪಾಟೋ?"

ಮಾತಾಡಲಾಗದವನಿಗೆ ಪುಸ್ತಕವೇ ಗತಿ. ಅವನಿಗೆ ತುಂಬ ಇಷ್ಟವಾದ ಪುಸ್ತಕವೊಂದು ಬೆನ್ನು ಮುರಿದುಕೊಂಡು ರಿಪೇರಿಗೆ ಬಿದ್ದಿತ್ತು. ಪರದೇಶದ್ದು. ಕಥೆಯಲ್ಲಿ ಒಂದಕ್ಷರವೂ ಇಲ್ಲ, ಬರೀ ಚಿತ್ರ. ಗಾಳಿಯಿಲ್ಲದ ಒಂದು ಗ್ರಹದ ಆ ತುದಿಗೊಬ್ಬಳು, ಈ ತುದಿಗೊಬ್ಬ. ಇಬ್ಬರೂ ಒಬ್ಬರ ದೀಪ ಒಬ್ಬರಿಗೆ ಕಂಡು ನಡೆಯಲು ಶುರುಮಾಡುತ್ತಾರೆ, ನಡೆದು ನಡೆದು ಎದುರುಬದುರಾಗುತ್ತಾರೆ, ಕೈಗವಸಿನ ಕೈಗಳು ಸೇರುತ್ತವೆ. ಕೊನೆಯ ಪುಟದಲ್ಲಿ ಇಬ್ಬರೂ ಹೆಲ್ಮೆಟ್ ತೆಗೆದು ನಗುತ್ತ ನಿಂತಿರುತ್ತಾರೆ. ತಾನು ಹೇಳಬೇಕಾದದ್ದೆಲ್ಲ ಅದರಲ್ಲಿದೆ ಎಂದು ಅವನಿಗೆ ತೋಚಿತು.

ಅವನು ಕೂತು ಹೊಲಿದ, ಅಂಟಿಸಿದ, ನೀಲಿ ಬಟ್ಟೆಯ ಗಟ್ಟಿ ರಟ್ಟು ಹಾಕಿದ. ಕೈ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು. ಮನಸ್ಸು ಆ ಎಡಹುಬ್ಬಿನ ಹತ್ತಿರ ಓಡಾಡುತ್ತಿತ್ತು. ಮರುದಿನ, ಅಕ್ಕನ ಇನ್ನೊಂದು ಸುಳ್ಳು ಕಂಪ್ಲೇಂಟಿಗೆ ಬಂದವಳನ್ನು ಲಿಫ್ಟಿನ ಬಳಿಯೇ ಹಿಡಿದು ಪುಸ್ತಕವನ್ನು ಕೈಗಿತ್ತ.

"ನೀವು ಕೇಳಿದ್ರಲ್ಲ, ಏನಂತೀರಿ ಅಂತ. ಅದಕ್ಕೆ ಉತ್ತರ ಇದರಲ್ಲಿದೆ."

ಅವಳ ಹುಬ್ಬು, ಪುಸ್ತಕ ತೆರೆಯುವ ಮೊದಲೇ, ಹೆಲ್ಮೆಟ್ಟಿನೊಳಗೆ ಹೋಯಿತು.

ಶುಕ್ರವಾರ ಮಧ್ಯಾಹ್ನ ಬಂದಳು. ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು ಮೇಜಿನ ಮೇಲಿಟ್ಟಳು. ಕೈ ತೊಳೆದು ಬಂದಿದ್ದಳು, ನೀಲಿ ಬಟ್ಟೆಯ ಮೇಲೆ ಒಂದು ಕಲೆಯೂ ಇರಲಿಲ್ಲ.

"ಲಿಫ್ಟನ್ನ ಎರಡು ಮಹಡಿ ಮಧ್ಯೆ ನಿಲ್ಲಿಸ್ಕೊಂಡು ಓದಿದೆ. ಯಾರೂ ಬರಬಾರದು ಅಂತ," ಎಂದಳು. "ಚೆನ್ನಾಗಿದೆ."

ಬೈಂಡರನಿಗೆ ಕುರ್ಚಿಯೇ ಒಂದು ಗೇಣು ಮೇಲೆದ್ದ ಹಾಗಾಯಿತು.

"ಅದರಲ್ಲೂ ಆ ನಡಿಗೆ. ಒಬ್ಬರ ಮುಖ ಒಬ್ಬರು ನೋಡ್ತಾನೇ ಹಿಂದೆ ಹಿಂದಕ್ಕೆ ಹೋಗ್ತಾರಲ್ಲ. ಬೆನ್ನು ತಿರುಗಿಸೋದೇ ಇಲ್ಲ. ಹೋದಹಾಗೆ ನೆಲದ ಮೇಲಿನ ಹೆಜ್ಜೆ ಗುರುತೂ ಅಳಿಸಿಹೋಗುತ್ತೆ. ಕೊನೆಗೆ ಎರಡು ದೀಪ, ಅಷ್ಟೇ." ಪುಸ್ತಕವನ್ನು ಮೇಜಿನ ಅಂಚಿಗೆ ಸರಿಯಾಗಿ ಹೊಂದಿಸಿಟ್ಟಳು. "ಇಷ್ಟು ಮರ್ಯಾದೆಯಿಂದ ಬೇಡ ಅಂದವರನ್ನ ನಾನು ನೋಡಿಲ್ಲ. ಥ್ಯಾಂಕ್ಸ್. ಮೇಲೆ ಮೋಟಾರ್ ರೂಮಲ್ಲಿ ಸ್ವಲ್ಪ ಕೆಲಸ ಇದೆ, ಮುಗಿಸಿ ಆಫೀಸಿಗೆ ಫೋನ್ ಮಾಡಿ ಹೂಂ ಅಂತೀನಿ."

ಮುಂದಿನ ಪುಸ್ತಕ ಯಾವುದೆಂದು ಕೇಳದೆ ಹೊರಟುಹೋದಳು. ಅವನ ತಲೆಯಲ್ಲಿ ಒಂದೇ ಪ್ರಶ್ನೆ. ಹಿಂದೆ ಹಿಂದಕ್ಕೆ? ಯಾರು ಹಿಂದಕ್ಕೆ ಹೋದರು?

ಅಕ್ಕ ಒಳಗೆ ಬಂದಳು. "ಏನಂದಳೋ? ಅವಳ ಮುಖ ನೋಡಿದರೆ ಯಾಕೋ ಸರಿ ಕಾಣಲಿಲ್ಲ."

"ಅವರಿಬ್ಬರೂ ದೂರ ಆಗ್ತಾರೆ ಅಂತಾಳೆ ಅಕ್ಕ. ಹೆಜ್ಜೆ ಅಳಿಸಿಹೋಗುತ್ತಂತೆ."

ಅಕ್ಕ ಪುಸ್ತಕ ತೆರೆದಳು. ಮೊದಲ ಪುಟದಲ್ಲೇ ಇಬ್ಬರೂ ಹೆಲ್ಮೆಟ್ ತೆಗೆದು ನಗುತ್ತ ನಿಂತಿದ್ದರು. ಅವಳು ಪುಸ್ತಕವನ್ನು ಆಚೆ ತಿರುಗಿಸಿದಳು, ಈಚೆ ತಿರುಗಿಸಿದಳು, ಆಮೇಲೆ ತಮ್ಮನನ್ನು ನೋಡಿದಳು.

"ಇದು ಆ ಪರದೇಶದ್ದಲ್ವೇನೋ? ಅವರು ಬಲಗಡೆಯಿಂದ ಎಡಕ್ಕೆ ಓದೋರು. ನೀನು ನಮ್ಮ ಪುಸ್ತಕದ ಹಾಗೆ ಎಡದಿಂದ ಓದೋ ಥರ ಮುಖಪುಟ ಹಾಕಿದ್ದೀಯ! ಬೆನ್ನಿಗೆ ಮುಖ ಅಂಟಿಸಿದ್ದೀಯಲ್ಲೋ ಮಹರಾಯ. 'ಆ ಕಡೆಯಿಂದ ಓದಿ' ಅಂತ ಎಚ್ಚರಿಕೆ ಹಾಕಿರೋ ಹಾಳೆಯನ್ನೂ ರಟ್ಟಿನ ಕೆಳಗೆ ಸೇರಿಸಿ ಮೆತ್ತಿಬಿಟ್ಟಿದ್ದೀಯ."

ಅವನು ಬೈಂಡಿಂಗ್ ಕಲಿತಾಗಿನಿಂದ ಒಂದು ಪುಸ್ತಕವನ್ನೂ ಕೆಡಿಸಿದವನಲ್ಲ. ಕೆಡಿಸಲು ಇದೊಂದೇ ಪುಸ್ತಕ ಸಿಕ್ಕಬೇಕಿತ್ತೇ? ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಭಯವಾಯಿತು. ಗಡಿಯಾರ ನೋಡಲೂ ನಿಲ್ಲದೆ ಪುಸ್ತಕ ಎತ್ತಿಕೊಂಡು ಓಡಿದ. ಲಿಫ್ಟನ್ನು ಅವಳೇ ಆಫ್ ಮಾಡಿದ್ದಳು. ಮೆಟ್ಟಿಲೇ ಗತಿಯಾಯಿತು, ಆ ಮಾಂತ್ರಿಕನಿಗಾದ ಹಾಗೆ.

ತಾರಸಿಯ ಮೋಟಾರ್ ರೂಮಿನ ಬಾಗಿಲಿಗೆ ಹೆಲ್ಮೆಟ್ ಕಡ್ಡಾಯ ಎಂಬ ಬೋರ್ಡಿತ್ತು. ಒಳಗೆ ಅವಳು ಮೊಣಕಾಲೂರಿ ಗಾಲಿಗೆ ಗ್ರೀಸು ಹಚ್ಚುತ್ತಿದ್ದಳು.

"ಫೋನ್... ಮಾಡಿದ್ರಾ?" ಅವನಿಗೆ ಏದುಸಿರು.

"ಕೈಯೆಲ್ಲ ಗ್ರೀಸು. ಒರೆಸ್ಕೊಂಡು ಮಾಡಬೇಕು."

"ಮಾಡಬೇಡಿ. ನೀವು ಓದಿದ್ದು ಉಲ್ಟಾ. ತಪ್ಪು ನಿಮ್ಮದಲ್ಲ, ನಾನು ಬೈಂಡ್ ಮಾಡಿದ್ದೇ ಉಲ್ಟಾ. ಅವರು ದೂರ ಹೋಗಲ್ಲ, ಹತ್ತಿರ ಬರ್ತಾರೆ. ಕೆಲಸ ಮಾಡುವಾಗ ನನ್ನ ಮನಸ್ಸೆಲ್ಲ ನಿಮ್ಮ ಮೇಲಿತ್ತು, ಅದಕ್ಕೆ ಹೀಗಾಯ್ತು. ನೀವು ಹೋಗೋದು ನನಗೆ ಇಷ್ಟ ಇಲ್ಲ. ದೊಡ್ಡ ಲಿಫ್ಟ್ ಒಳ್ಳೇದು ಅಂದಿದ್ದು ಶುದ್ಧ ಸುಳ್ಳು."

ಇಷ್ಟು ಮಾತು ಒಟ್ಟಿಗೆ ಆಡಿದ್ದು ಅವನ ಜೀವಮಾನದಲ್ಲೇ ಮೊದಲು. ಅವಳು ಅವನನ್ನು ಮೇಲಿನಿಂದ ಕೆಳಗಿನವರೆಗೆ ಪರೀಕ್ಷೆ ಮಾಡುವವಳಂತೆ ನೋಡಿದಳು.

"ತೋರಿಸಿ," ಎಂದಳು. "ಪುಟ ನೀವೇ ತಿರುಗಿಸಿ. ನಾನು ಮುಟ್ಟಲ್ಲ."

ಉಪಕರಣದ ಪೆಟ್ಟಿಗೆಯ ಮೇಲೆ ಭುಜಕ್ಕೆ ಭುಜ ತಾಗಿಸಿ ಕೂತರು. ಅವನು ಆ ಕಡೆಯಿಂದ ಪುಟ ತಿರುಗಿಸುತ್ತ ಹೋದ. ಎರಡು ದೀಪ ಕಂಡವು. ಖಾಲಿ ನೆಲದ ಮೇಲೆ ಮೊದಲ ಹೆಜ್ಜೆ ಮೂಡಿತು, ಇನ್ನೊಂದು, ಮತ್ತೊಂದು. ಅವನು ಚಿತ್ರ ನೋಡಲಿಲ್ಲ, ಹುಬ್ಬನ್ನೇ ನೋಡಿದ. ಹೆಲ್ಮೆಟ್ಟಿನೊಳಗೆ ಹೋದ ಹುಬ್ಬು ಕೆಳಗಿಳಿಯಲೇ ಇಲ್ಲ. ಕೊನೆಯ ಪುಟಕ್ಕೆ ಬಂದಾಗ ಮಾತ್ರ ಅವಳು ತಲೆ ಅಲ್ಲಾಡಿಸಿದಳು.

"ಗಾಳಿ ಇಲ್ಲದ ಕಡೆ ಯಾರಾದ್ರೂ ಹೆಲ್ಮೆಟ್ ತೆಗೀತಾರಾ? ಸಾಯ್ತಾರೆ. ನಾನು ಓದಿದ್ದರಲ್ಲಿ ಹಾಕ್ಕೋತಾ ಇದ್ರು, ಅದು ಸರಿ."

"ಅವರಿಗೆ ಅದು ನೆನಪಾಗಿರಲ್ಲ."

"ಸೇಫ್ಟಿ ರೂಲ್ ಪ್ರಕಾರ ತಪ್ಪು," ಎಂದು ಗೊಣಗಿದಳು. ಆಮೇಲೆ, "ನನ್ನ ಜೇಬಲ್ಲಿ ಫೋನಿದೆ, ನೀನೇ ತೆಗೆದು ಆಫೀಸ್ ನಂಬರ್ ಒತ್ತು," ಎಂದಳು.

ನೀವು ನೀನಾದದ್ದು ಅವನಿಗೆ ತಕ್ಷಣ ಕೇಳಿಸಿತು. ನಂಬರ್ ಒತ್ತಿ ಫೋನನ್ನು ಅವಳ ಕಿವಿಗೆ ಹಿಡಿದ.

"ಸಾರ್, ನಾನು ಬಂದರಿನ ಊರಿಗೆ ಹೋಗಲ್ಲ. ಕಾರಣನಾ? ಈ ಲೈಬ್ರರಿ ಲಿಫ್ಟು ತುಂಬ ಹಳೇದು ಸಾರ್. ಯಾವಾಗ ಏನಾಗುತ್ತೋ ಹೇಳೋಕಾಗಲ್ಲ."

ಫೋನು ಜೇಬಿಗೆ ಹೋಯಿತು. ಅವನು ಪುಸ್ತಕದ ನೀಲಿ ರಟ್ಟನ್ನು ಸವರಿದ.

"ಇದನ್ನ ಬಿಚ್ಚಿ ಸರಿಯಾಗಿ ಬೈಂಡ್ ಮಾಡಿಡ್ತೀನಿ."

"ಬೇಡ, ಹಾಗೇ ಇರಲಿ. ಉಲ್ಟಾ ಓದಿದ್ದಕ್ಕೇ ನನಗೆ ಒಂದು ವಿಷಯ ಗೊತ್ತಾಯ್ತು."

"ಏನು?"

"ನೀನು ಬೇಡ ಅಂದ್ರೆ ನನಗೆಷ್ಟು ಸಂಕಟ ಆಗುತ್ತೆ ಅಂತ." ದನಿ ಎಂದಿನ ವರದಿಯ ದನಿಯೇ. ಕೇಬಲ್ಲು ಸವೆದಿದೆ ಎಂದ ಹಾಗೇ ಇತ್ತು. ಆದರೆ ಕಣ್ಣು ಒದ್ದೆಯಾಗಿತ್ತು.

ಅವಳು ಬಾಗಿಲ ಮೇಲಿನ ಬೋರ್ಡನ್ನೊಮ್ಮೆ ನೋಡಿದಳು. ಗಲ್ಲದ ಕೆಳಗಿನ ಪಟ್ಟಿ ಬಿಚ್ಚಿ, ಹೆಲ್ಮೆಟ್ ತೆಗೆದು ಅವನ ಮಡಿಲಲ್ಲಿದ್ದ ಪುಸ್ತಕದ ಮೇಲಿಟ್ಟಳು. ಕೂದಲು ಚಪ್ಪಟೆಯಾಗಿ ಹಣೆಗೆ ಅಂಟಿತ್ತು. ಗ್ರೀಸಿನ ಕೈಯಲ್ಲಿ ಅದನ್ನು ಸರಿಮಾಡಲು ಹೋಗಿ ಹಣೆಯ ಮೇಲೊಂದು ಕರೀ ಗೆರೆ ಎಳೆದುಕೊಂಡಳು. ಅವಳನ್ನು ಹಾಗೆ ಅವನು ನೋಡಿದ್ದು ಅದೇ ಮೊದಲು.

"ಇಲ್ಲಿ ಗಾಳಿ ಇದೆ ತಾನೇ?" ಎಂದು ಕೇಳಿದಳು.

"ಇದೆ," ಎಂದ ಅವನು.