ಗೋಂದಿನಲ್ಲಿ ಬರೆದದ್ದು

ಬೆಳ್ಳಿ ಪದಕ ಜಯರಾಮನ್ ಮೇಸ್ತ್ರಿಯ ಕೋಟಿನ ಎದೆಗೆ ಏರಿದ ದಿನವೇ ಭೋಜನ್ ಅವನ ಸರ್ವನಾಶಕ್ಕೆ ಮುಹೂರ್ತ ಇಟ್ಟ. ಪದಕ ಗೆದ್ದ ನೀಲಗಿರಿ ನಕಾಶೆಯ ಗೆರೆ, ಅಕ್ಷರ ಎಲ್ಲವನ್ನೂ ಕಲ್ಲಿನ ಮೇಲೆ ಬರೆದವನು ಭೋಜನ್. ಕೆಳಗೆ ಅಚ್ಚಾದ ಹೆಸರು ಮಾತ್ರ ಮೇಸ್ತ್ರಿಯದು. ಊಟಿಯ ಆ ಕಲ್ಲಚ್ಚಿನ ಪ್ರೆಸ್ಸಿನಲ್ಲಿ ಹನ್ನೊಂದು ವರ್ಷದಿಂದ ನಡೆದದ್ದು ಇದೇ. ಗೆದ್ದಲು ಕಟ್ಟಿದ ಹುತ್ತ, ಹಾವಿನ ಪಾಲು.

ಅದನ್ನೂ ನುಂಗಿಕೊಳ್ಳುತ್ತಿದ್ದನೇನೋ. ಆದರೆ ಅವನ ಅಪ್ಪ ಕೋತಗಿರಿ ಕಡೆಯ ಹಟ್ಟಿಯಿಂದ ನಡೆದು ಬಂದು ಆ ನಕಾಶೆ ನೋಡಿದ್ದ. ಓದು ಬಾರದ ಮುದುಕ, ಯಾರಿಂದಲೋ ಓದಿಸಿಕೊಂಡು, "ನೀ ಬರೆದದ್ದಾದರೆ ನಿನ್ನ ಹೆಸರೆಲ್ಲಿ, ಮಗಾ?" ಎಂದು ಕೇಳಿದ್ದ. ಮಗ ಸುಳ್ಳುಗಾರ ಎಂದು ನಂಬಿಕೊಂಡೇ, ಪದಕಕ್ಕೆ ಮೊದಲಿನ ಚಳಿಗಾಲದಲ್ಲಿ ಸತ್ತಿದ್ದ. ಮೇಸ್ತ್ರಿ ಬರೀ ಕೆಲಸ ಕಳೆದುಕೊಂಡರೆ ಭೋಜನನ ಹೊಟ್ಟೆಯ ಬೆಂಕಿ ಆರುವಂತಿರಲಿಲ್ಲ. ಅವನು ಜೈಲಿಗೇ ಹೋಗಬೇಕಿತ್ತು.

ಅವಕಾಶ ೧೯೨೨ರ ಮೇ ತಿಂಗಳಲ್ಲಿ ಬಂತು. ಹೂವಿನ ಪ್ರದರ್ಶನದ ಚಿತ್ರ: ಮೇಲೆ ಬೆಟ್ಟ, ಕೆಳಗೆ ಕಗ್ಗತ್ತಲ ಕಾಡು. ಕಲ್ಲಚ್ಚಿನ ಸೊಗಸು ತೋರಿಸಲು ಪ್ರೆಸ್ಸಿನ ದೊರೆ ಸೋಮವಾರ ಕಲೆಕ್ಟರನ್ನೂ ಪೊಲೀಸ್ ದೊರೆಯನ್ನೂ ಕರೆದಿದ್ದ. ಅತಿಥಿಗಳ ಎದುರು ಕಾಡಿನ ಕಪ್ಪು ತುಂಬುವವನು ಮೇಸ್ತ್ರಿ. ಬಳಿಯುವುದೊಂದು ಅವನಿಗೆ ಬರುತ್ತಿತ್ತು.

ಪ್ರೆಸ್ಸಿನ ಗೋಂದು ಭೋಜನನ ಜವಾಬ್ದಾರಿ. ಮಸಿನಗುಡಿಯ ವಳ್ಳಿ ಎಂಬಾಕೆ ದಿಂಡಿಗದ ಮರದಿಂದ ಬಿಡಿಸಿ ತರುವ ಗೋಂದನ್ನು ಹಿಂದಿನ ದಿನವೇ ನೆನೆಹಾಕಿ, ಬಟ್ಟೆಯಲ್ಲಿ ಸೋಸಬೇಕು. ಹಾಗಾಗಿ ಭಾನುವಾರ ಹಗಲಲ್ಲೇ ಬೀಗ ತೆಗೆದು ಒಳಹೋದರೂ ಕೇಳುವವರಿಲ್ಲ. ಅಚ್ಚಿನ ಕಲ್ಲು ಎಣ್ಣೆಮಸಿಯನ್ನು ಹೀರುತ್ತದೆ. ಗೋಂದು ಕುಡಿದ ಜಾಗ ಮಾತ್ರ ಮಸಿಯನ್ನು ಹತ್ತಿರ ಸೇರಿಸುವುದಿಲ್ಲ. ತೆಳುವಾಗಿ ಬಳಿದ ಗೋಂದು ಒಣಗಿದರೆ ಕಣ್ಣಿಗೂ ಕಾಣದು. ಕಾಡಿಗೆಂದು ಖಾಲಿ ಬಿಟ್ಟಿದ್ದ ಜಾಗದಲ್ಲಿ ಭೋಜನ್ ಸಣ್ಣ ಕುಂಚವನ್ನು ಗೋಂದಿಗೆ ಅದ್ದಿ, ಇಂಗ್ಲಿಷಿನಲ್ಲಿ, ಒಂದೇ ಒಂದು ಪದ ಬರೆದ: ಸ್ವರಾಜ್. ಆ ಪದ ಕೂಗಿದವರನ್ನು ಹಿಡಿದೊಯ್ಯುತ್ತಿದ್ದ ವರ್ಷ ಅದು.

ಯಾವುದನ್ನೂ ಅವನು ಅದೃಷ್ಟಕ್ಕೆ ಬಿಡಲಿಲ್ಲ. ಮಸಿಯನ್ನು ಟರ್ಪೆಂಟೈನಿನಲ್ಲಿ ಕಲಸಿಟ್ಟ. ಅದಕ್ಕೆ ಗೋಂದು ಕರಗುವುದಿಲ್ಲ, ಆಮೇಲೆ ನೀರು ಬಿದ್ದಾಗಲೇ ಕರಗಿ, ಮೇಲಿನ ಮಸಿಯನ್ನೂ ಕಿತ್ತುಕೊಂಡು ಹೋಗುವುದು. ಇನ್ನು ಅನುಮಾನ ಯಾರ ಮೇಲೆ? ಕಲ್ಲಿನ ಮೇಲಿನ ಬರವಣಿಗೆಯೆಲ್ಲ ತನ್ನದೆಂದು ಮೇಸ್ತ್ರಿಯೇ ಊರೆಲ್ಲ ಸಾರಿದ್ದಾನೆ. ಭೋಜನ್ ಲೋಕದ ಕಣ್ಣಿಗೆ ಗೋಂದು ಸೋಸುವ ಆಳು. ಮಾಡಿದ್ದುಣ್ಣೋ ಮಹರಾಯ, ಎಂದುಕೊಂಡ.

"ಏನಪ್ಪಾ ಭೋಜಾ, ಎಲ್ಲಾ ರೆಡಿಯಾ?" ಸೋಮವಾರ ಮೇಸ್ತ್ರಿ ಪದಕ ಸರಿಮಾಡಿಕೊಳ್ಳುತ್ತ ಕೇಳಿದ.

"ಎಲ್ಲಾ ರೆಡಿ, ಮೇಸ್ತ್ರಿ."

ಮೇಸ್ತ್ರಿ ಕಪ್ಪು ಬಳಿದ. ಬಳಿದದ್ದು ಕಲ್ಲಿನಲ್ಲಿ ಕೂರಲೆಂದು ಎಂದಿನಂತೆ ಆಸಿಡ್ ಬೆರೆಸಿದ ಗೋಂದನ್ನು ಮೇಲೆ ಹಚ್ಚಿದರು. ದೊರೆಗಳು ಚಹಾ ಕುಡಿದು ಮುಗಿಸುವ ಹೊತ್ತಿಗೆ ಕಲ್ಲು ತೊಳೆದು, ಮಸಿಯ ಉರುಳೆ ಓಡಿಸಿ, ಕಾಗದ ಒತ್ತಿದರು. ಮೇಸ್ತ್ರಿ ಅದನ್ನು ಎತ್ತಿ ಹಿಡಿದ. ಕಪ್ಪು ಕಾಡಿನ ನಡುವೆ ಬಿಳಿ ಅಕ್ಷರಗಳನ್ನು ಮೊದಲು ಓದಿದವನು ಪೊಲೀಸ್ ದೊರೆ. ಮೇಸ್ತ್ರಿಯ ಮುಖ ಬೂದಿಯಾಯಿತು. ಗೋಡೆಗೆ ಒರಗಿ ನಿಂತಿದ್ದ ಭೋಜನ್, ಜನ್ಮದಲ್ಲೇ ಇಷ್ಟು ಸುಖಪಟ್ಟಿರಲಿಲ್ಲ.

"ಇದು ಬೇರೆಯವರ ಕೈಯಲ್ಲಿ ಆಗೋ ಕೆಲಸವಲ್ಲ," ಎಂದ ಪ್ರೆಸ್ಸಿನ ದೊರೆ ಸಿಟ್ಟಿನಿಂದ. "ಕಲ್ಲಿನ ಮೇಲಿನದು ಕಾಗದದಲ್ಲಿ ಎಡಬಲ ತಿರುಗಿ ಬೀಳುತ್ತದೆ. ಇದು ಸರಿಯಾಗಿ ಬಿದ್ದಿದೆಯೆಂದರೆ, ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ ಬರೆಯಬಲ್ಲವನೇ ಬರೆದಿರಬೇಕು. ಅದು ಬರುವುದು ಜಯರಾಮನಿಗೆ ಮಾತ್ರ." ಮೇಸ್ತ್ರಿ ದೊಪ್ಪನೆ ಮೊಣಕಾಲೂರಿ ಸೀಮೆಸುಣ್ಣದ ಕಡ್ಡಿ ಕೈಗೆತ್ತಿಕೊಂಡ, ನೆಲದ ಮೇಲೆ ಉಲ್ಟಾ ಬರೆಯಲು ಹೋಗಿ ಮೂರನೆಯ ಅಕ್ಷರಕ್ಕೇ ತಡವರಿಸಿದ, ಅಳತೊಡಗಿದ. "ನನಗೆ ಬರೋದಿಲ್ಲ, ದೊರೆ! ಒಂದು ದಿನಾನೂ ಬಂದಿಲ್ಲ. ಹನ್ನೊಂದು ವರ್ಷದಿಂದ ಬರೆದದ್ದೆಲ್ಲಾ ಭೋಜನ್, ಬೇಕಾದರೆ ಇವರನ್ನೇ ಕೇಳಿ." ಕೆಲಸದವರೆಲ್ಲ ಹೌದೆಂದು ತಲೆಯಾಡಿಸಿದರು. ಭೋಜನನಿಗೆ ಉಲ್ಟಾ ಬರೆಯುವುದು ಉಸಿರಾಡಿದಷ್ಟು ಸಲೀಸು. ಭಾನುವಾರ ಹಾಗೆ ಬರೆಯುತ್ತಿದ್ದೇನೆ ಎಂಬುದೇ ಅವನ ಗಮನಕ್ಕೆ ಬಂದಿರಲಿಲ್ಲ. ಪೊಲೀಸ್ ದೊರೆ ಜೇಬಿನಿಂದ ಪುಸ್ತಕ ತೆಗೆದು, ಪೆನ್ಸಿಲನ್ನು ನಾಲಿಗೆಗೆ ತಾಗಿಸಿ, ಅವನ ಪೂರ್ತಿ ಹೆಸರು ಕೇಳಿದ.