ಒಂದು ಮೊಳದ ಆಚೆ

"ಅಷ್ಟ ಸೊಕ್ಕು ಯಾಕ್ರಿ ನಿಮಗ?"

ದುಂಡೇಶ ಹೀಗೆ ಕೇಳಿದಾಗ ಮಹಾನಂದಾ ಕಕ್ಕಾಬಿಕ್ಕಿಯಾದಳು. ಅಪ್ಪ ಬರೆದ ಸೀರೆ ಅಂಚಿನ ಚಿತ್ರವನ್ನು ಪ್ರಿಂಟ್ ಮಾಡಿಸಲು ಆಗಷ್ಟೇ ಓಣಿ ದಾಟಿ ಅವನ ಕಂಪ್ಯೂಟರ್ ಅಂಗಡಿಗೆ ಬಂದಿದ್ದಳು.

"ಎರಡ ತಿಂಗಳಾತು, ದಿನಾ ಬಾಗಲದಾಗ ನಿಂತು ನಗ್ತೇನಿ. ನೀವು ಗ್ವಾಡಿ ನೋಡಿದಂಗ ನೋಡಿ ಒಳಗ ಹೋಗ್ತೀರಿ."

"ಕಣ್ಣಾಗ ಬಿಸಿಲ ಇತ್ತರಿ," ಎಂದು ಸುಳ್ಳು ಹೇಳಿದಳು.

ನಿಜವೆಂದರೆ ಒಂದು ಮೊಳದ ಆಚೆ ಅವಳಿಗೆ ಎಲ್ಲವೂ ಮಸುಕು. ಇದು ಮನೆಯವರಿಗೂ ಗೊತ್ತಿರಲಿಲ್ಲ. ಸೆರಗಿನ ಎಳೆಗಳನ್ನು ಸೀರೆಯ ಎಳೆಗಳಿಗೆ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುವುದರಲ್ಲಿ ಇಳಕಲ್ಲಿಗೇ ಅವಳ ಕೈ ಮುಂದು. ಕಣ್ಣು ಸರಿಯಿಲ್ಲವೆಂದು ತಿಳಿದರೆ ಆ ಕೆಲಸ ಯಾರು ಕೊಟ್ಟಾರು?

ಪ್ರಿಂಟ್ ಆಗುವಷ್ಟರಲ್ಲಿ ದುಂಡೇಶ ತನ್ನ ಹುಚ್ಚೊಂದನ್ನು ತೋರಿಸಿದ. ಪರದೆಯ ಮೇಲೆ, ಇಳಕಲ್ ಸೆರಗಿನಲ್ಲಿ ನೇಯುವಂಥ ಗೋಪುರ, ಕಂಪ್ಯೂಟರಿನಲ್ಲೇ ಕಟ್ಟಿದ್ದು. ಅದರ ಮೈತುಂಬ ಮರಿ ಗೋಪುರಗಳು, ಅವುಗಳ ಮೈಮೇಲೆ ಇನ್ನೂ ಚಿಕ್ಕವು, ನಡುನಡುವೆ ದೀಪಗಳು. ಒಳಗೆ ಹೋದಷ್ಟೂ ಮುಗಿಯದು.

"ಹೆಂಗೈತ್ರಿ?"

ಮಹಾನಂದಾ ಪರದೆಗೆ ಮೂಗು ತಾಗುವಷ್ಟು ಬಾಗಿದಳು. "ಛಂದ ಐತಿ. ಆದ್ರ ಹತ್ರದ್ದು, ದೂರದ್ದು ಎಲ್ಲಾ ಒಂದ ಸಮ ನಿಚ್ಚಳ. ದೂರದ ದೀಪ ಎಲ್ಲೆರ ಹಿಂಗ ಚುಕ್ಕಿ ಕಾಣ್ತಾವೇನ್ರಿ? ರೊಟ್ಟಿಯಂಗ ಅಗಲ ಆಗ್ತಾವ."

ಹೇಳಿ ನಾಲಿಗೆ ಕಚ್ಚಿಕೊಂಡಳು. ದುಂಡೇಶ ಅವಳನ್ನೇ ನೋಡಿದ. ಆದರೆ ಏನೂ ಕೇಳಲಿಲ್ಲ. ಅದಕ್ಕೇ ಅವಳ ಮನಸ್ಸು ಅವನಿಗೆ ಕೈ ಮುಗಿಯಿತು.

ಎಂಟು ದಿನದ ಮೇಲೆ ಅವನೇ ಕರೆದ.

"ಒಂದೊಂದ ಚಿತ್ರಾನೂ ಕಂಪ್ಯೂಟರ್ ಒಳಗಿನ ಕ್ಯಾಮೆರಾ ಕೂದಲೆಳಿಯಷ್ಟು ಸರಿಸಿ ಮೂವತ್ತ ಸಲ ತಗದೇನ್ರಿ. ಆದ್ರ ಕ್ಯಾಮೆರಾದ ಗುರಿ ಒಂದ ಜಾಗದ ಮ್ಯಾಲ. ಮೂವತ್ತೂ ಕೂಡಿಸಿದ್ರ ಆ ಜಾಗ ನಿಚ್ಚಳ ಉಳಿತೈತಿ, ದೂರಿದ್ದದ್ದು ಚದರಿ ಮಸುಕ ಆಗ್ತೈತಿ. ಎಂಟ ದಿನ ಕಂಪ್ಯೂಟರ್ ಆರಿಸೇ ಇಲ್ಲ."

ಹತ್ತಿರದ ಗೋಪುರದಲ್ಲಿ ಎಳೆ ಎಳೆಯೂ ಕಾಣುತ್ತಿತ್ತು. ಹಿಂದೆ ದೀಪಗಳು ದುಂಡಗೆ, ಮೆತ್ತಗೆ, ಬಂಗಾರದ ಬಣ್ಣದಲ್ಲಿ ಅರಳಿದ್ದವು. ಅದು ಅವಳದೇ ಲೋಕ. ಇಷ್ಟು ವರ್ಷ ನಾಚಿಕೊಂಡು ಬಚ್ಚಿಟ್ಟದ್ದು ಇಷ್ಟು ಚೆಂದವಿದೆ ಎಂದು ಯಾರೂ ಅವಳಿಗೆ ತೋರಿಸಿರಲಿಲ್ಲ. ಕಣ್ಣು ತುಂಬಿ ಬಂತು.

"ನಿಮಗ ಗೊತ್ತಾತಲ್ಲ."

"ಗೊತ್ತಾತು. ಯಾರಿಗೂ ಹೇಳಿಲ್ಲ. ಬಾಗಲಕೋಟ್ಯಾಗ ಕಣ್ಣಿನ ಡಾಕ್ಟರ್ ಅದಾರ. ಚಸ್ಮಾ ಹಾಕ್ಕೊಂಡ್ರ ಕೈಯಾನ ಕೆಲಸ ಎಲ್ಲೂ ಹೋಗಂಗಿಲ್ರಿ."

ಎಷ್ಟೋ ವರ್ಷದ ಭಾರ ಎದೆಯಿಂದ ಇಳಿಯಿತು. ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳಿದಳು: "ಹೋಗೂಣ್ರಿ. ಆದ್ರ ನೀವು ನಕ್ಕದ್ದು ನಾ ಒಮ್ಮೆನೂ ನೋಡಿಲ್ಲ. ಹತ್ರ ಬರ್ರಿ."

ಅವನು ಒಂದು ಹೆಜ್ಜೆ ಬಂದ.

"ಇನ್ನೂ ಮಸುಕ."

ಮತ್ತೊಂದು ಹೆಜ್ಜೆ.

"ಇನ್ನೂ."

ಒಂದು ಮೊಳದಲ್ಲಿ ಅವನ ಮುಖ ನಿಚ್ಚಳವಾಯಿತು. ಹುಬ್ಬಿನ ಮೇಲೊಂದು ಹಳೆಯ ಗಾಯ, ಮೂಗಿನ ತುದಿಯಲ್ಲಿ ಬೆವರು. ನಗು ಮಾತ್ರ ಇರಲಿಲ್ಲ.

"ನಗವಲ್ರಿ?"

"ಹೆದರಿಕಿ ಆಗೇತಿ. ನಿನ್ನ ಮ್ಯಾಲ ಮನಸ ಐತಿ. ನೀ ಒಲ್ಲೆ ಅಂದ್ರ?"

ರೀ ಅನ್ನುವವನು ಮೊದಲ ಸಲ ನೀ ಅಂದಿದ್ದ. ಮಹಾನಂದಾ ಕೈ ಚಾಚಿ ಅವನ ಅಂಗಿಯ ತೋಳು ಹಿಡಿದಳು.

"ಇಲ್ಲೇ ನಿಂದರ್ರಿ," ಎಂದಳು. "ಚಸ್ಮಾ ಬಂದ ಮ್ಯಾಲೂ ಇಲ್ಲೇ ನಿಂದರ್ರಿ."