ನಾಲ್ಕು ಅಂಗೈ, ಒಂಬತ್ತು ಮೈಲಿ

ಬಾಗಿಲಿನ ಮೇಲೆ ಮೂರು ಏಟು ಬಿದ್ದವು. ದಾದಿ ಚಿಲಕ ತೆಗೆದಾಗ ಕತ್ತಲಲ್ಲಿ ನಿಂತಿದ್ದ ಅಂಬಿಗ ಒಂದೇ ಮಾತು ಹೇಳಿದ.

“ಔಷಧಿ ಪೆಟ್ಟಿಗೆ ತಗೊಳ್ಳಿ ಸಿಸ್ಟರ್. ಕುದಿಸಿದ ನೀರೂ ಬೇಕು.”

ಕಾರಣ ತಿಳಿದದ್ದು ದೋಣಿ ಕಟ್ಟುವ ದಕ್ಕೆಯ ಮೇಲೆ. ಒಂಬತ್ತು ಮೈಲಿಯಾಚೆಯ ಬಂಡೆಯ ಮೇಲೊಂದು ದೀಪಸ್ತಂಭವಿತ್ತು. ಅದರ ಒಂಟಿ ಕಾವಲುಗಾರ ಅಂಬಿಗನ ಒಡಹುಟ್ಟಿದ ಅಣ್ಣ; ಊರಿಗೆಲ್ಲ ದೀಪದಣ್ಣ. ಆತ ಮೆಟ್ಟಿಲಿನಿಂದ ಉರುಳಿದ್ದ. ಕಾಲಿನ ಮೂಳೆ ಚರ್ಮ ಸೀಳಿ ಹೊರಬಂದಿದೆ ಎಂದು ವೈರ್‌ಲೆಸ್ಸಿನಲ್ಲಿ ಹೇಳಿ ಸುಮ್ಮನಾಗಿದ್ದ. ದೊಡ್ಡ ದೋಣಿಯ ಎಂಜಿನ್ ಬಿಚ್ಚಿಟ್ಟು ವಾರವಾಗಿತ್ತು. ಉಳಿದದ್ದು ಹುಟ್ಟು ಹಾಕುವ ಹಳೆಯ ದೋಣಿ. ಅದೂ ಊರಿನ ಬಡಗಿ ರಿಪೇರಿ ಮುಗಿಸಿದ ಮೇಲೆ ತಿಂಗಳಿನಿಂದ ಶೆಡ್ಡಿನಲ್ಲಿ ಕೂತಿತ್ತು. ಮಧ್ಯಾಹ್ನ ಗಾಳಿ ತಿರುಗುವ ಮೊದಲು ಹೋಗಿ ಬರಬೇಕು.

ಒಂದು ಜೊತೆ ಹುಟ್ಟಿಗೆ ಅಂಬಿಗ ಕೂತ. ಇನ್ನೊಂದಕ್ಕೆ ಅವನ ಹೆಂಡತಿಯ ತಮ್ಮ, ಮೈಕಟ್ಟಿನಿಂದಲೇ ಗೂಳಿ ಎಂದು ಹೆಸರಾದವನು. ಚುಕ್ಕಾಣಿ ದಾದಿಯ ಕೈಗೆ ಬಂತು.

ಬೆಳಕು ಹರಿಯುವಾಗ ದಂಡೆ ಬೂದುಬಣ್ಣದ ಗೆರೆಯಾಗಿ ಹಿಂದೆ ಸರಿದಿತ್ತು. ಕಡಲಿಗೆ ಬಣ್ಣವೇ ಇರಲಿಲ್ಲ. ಸೀಸ ಕರಗಿಸಿ ಹುಯ್ದಂತೆ ಭಾರವಾಗಿ ಏಳುತ್ತಿತ್ತು, ಬೀಳುತ್ತಿತ್ತು. ಬಹುದೂರದಲ್ಲಿ, ಮೋಡಕ್ಕೂ ನೀರಿಗೂ ನಡುವೆ, ಬೆರಳಿನಷ್ಟು ಸ್ತಂಭ ಕಾಣುತ್ತಿತ್ತು.

ಇದ್ದಕ್ಕಿದ್ದಂತೆ ದೋಣಿ ಎಡಕ್ಕೆ ಎಳೆಯಿತು.

“ಏನಾಯ್ತು?” ಎಂದಳು ದಾದಿ.

ಗೂಳಿ ಅಂಗೈಯನ್ನು ಬಾಯಿಗೆ ಒಯ್ದಿದ್ದ. ಒಡೆದ ಗುಳ್ಳೆಯ ಚರ್ಮವನ್ನು ಹಲ್ಲಿನಿಂದ ಕಿತ್ತು ಉಗಿದು, ಕೈಯನ್ನು ಕಡಲಿಗೆ ಅದ್ದಿದ. ಮರುಕ್ಷಣ ಅವನ ಕೊರಳಿಂದ ಹೊರಟ ಸದ್ದು ಮನುಷ್ಯನದಾಗಿರಲಿಲ್ಲ.

“ತಲೆ ಕೆಟ್ಟಿದೆಯೇನೋ ನಿಂಗೆ?”

“ನಮ್ಮವರೆಲ್ಲ ಹಿಂಗೇ ಮಾಡೋದು ಸಿಸ್ಟರ್. ಉಪ್ಪುನೀರಿಗೆ ಕೈ ಬಲಿಯುತ್ತೆ.”

“ಬಲಿಯೋದಿಲ್ಲ, ಬಲಿ ಆಗುತ್ತೆ. ಇಬ್ಬರೂ ಕೈ ತೋರಿಸಿ.”

ಇಪ್ಪತ್ತು ವರ್ಷ ಹುಟ್ಟು ಹಾಕಿ ತೊಗಲಿನಂತಾದ ಕೈಗಳು. ಎರಡೇ ಗಂಟೆಯಲ್ಲಿ ಬೆರಳಿನ ಬುಡದುದ್ದಕ್ಕೂ ನೀರು ತುಂಬಿದ ಗುಳ್ಳೆಗಳು ಎದ್ದಿದ್ದವು. ದಾದಿ ಹುಟ್ಟಿನ ಹಿಡಿಯನ್ನು ಮುಟ್ಟಿ ನೋಡಿದಳು. ಕನ್ನಡಿಯಂಥ ನುಣುಪು. ಬೆವರಿಗೆ ಅದು ಅಂಟುತ್ತಿತ್ತು, ಜಾರುತ್ತಿತ್ತು, ಮತ್ತೆ ಅಂಟಿ ಚರ್ಮವನ್ನು ಎಳೆಯುತ್ತಿತ್ತು.

“ವಾರ್ನಿಷ್!” ಅಂಬಿಗ ಹಲ್ಲು ಕಡಿದ. “ಹಿಡಿಗೆ ಯಾವನಾದ್ರೂ ವಾರ್ನಿಷ್ ಬಳೀತಾನಾ? ಬರಿಮರ ಇರಬೇಕು ಅಂತ ಹುಟ್ಟು ಕಂಡ ಕೂಸಿಗೂ ಗೊತ್ತು. ಆ ಬಡಗಿ ಸಿಗಲಿ, ಅವನ ಕೈ ಮುರೀತೀನಿ.”

“ಆಮೇಲೆ ಮುರಿ. ಈಗ ಚಾಕುವಿನಿಂದ ಹೆರೆ. ಅಲ್ಲ, ನೀನು ಬೇಡ, ಕೈ ಕೊಡು. ನಾನೇ ಹೆರೀತೀನಿ.”

ತಂದಿದ್ದದ್ದು ಎರಡೇ ಬಾಟಲಿ ನೀರು, ಹೊರಬಂದ ಮೂಳೆಯ ಗಾಯ ತೊಳೆಯಲು. ದಾದಿ ಒಂದರ ಮುಚ್ಚಳ ತೆಗೆದು ಅರೆಕ್ಷಣ ತಡೆದಳು. ಅಂಬಿಗ ಬಾಟಲಿಯನ್ನೇ ನೋಡುತ್ತಿದ್ದ.

“ಅದು ಅಣ್ಣನ ನೀರು.”

“ನಿನ್ನ ಕೈ ಹೋದ್ರೆ ಅಣ್ಣನ ಹತ್ರ ತಲುಪೋದು ಯಾರು?”

ಅವಳು ನಾಲ್ಕೂ ಅಂಗೈ ತೊಳೆದಳು. ಸಣ್ಣ ಗುಳ್ಳೆಗಳನ್ನು ಮುಟ್ಟಲಿಲ್ಲ. ಬಿಗಿದು ನಿಂತಿದ್ದ ದೊಡ್ಡವನ್ನು ಮಾತ್ರ, ಸ್ಪಿರಿಟ್ಟಿನಲ್ಲಿ ಅದ್ದಿದ ಸೂಜಿಯಿಂದ ಅಂಚಿನಲ್ಲಿ ಚುಚ್ಚಿ ನೀರು ಹರಿಸಿದಳು. ಮೇಲಿನ ಚರ್ಮವನ್ನು ಕೀಳದೆ ಹಾಗೆಯೇ ಮಲಗಿಸಿದಳು. ಅದೇ ಗಾಯದ ಮುಚ್ಚಳ. ಮುಲಾಮು, ಅದರ ಮೇಲೆ ಅಂಟದ ಪಟ್ಟಿ, ಬೆರಳು ಮಡಚಲು ಬರುವಂತೆ ಬ್ಯಾಂಡೇಜು. ಗೂಳಿಯ ಬಲಗೈಯಲ್ಲಿ ಮುಚ್ಚಲು ಚರ್ಮವೇ ಉಳಿದಿರಲಿಲ್ಲ. ಹಸಿ ಮಾಂಸ ಹೊಳೆಯುತ್ತಿತ್ತು.

“ಮದುವೆಗೆ ಮದರಂಗಿ ಹಾಕಿಸ್ಕೊಂಡಾಗಲೂ ಇಷ್ಟು ಹೊತ್ತು ಕೂತಿರ್ಲಿಲ್ಲ ಭಾವ,” ಎಂದ ಗೂಳಿ. ದಾದಿ ಚಾಕು ಕೈಗೆತ್ತಿಕೊಂಡಳು.

ಹಿಡಿಗಳನ್ನು ಹೆರೆದು ಮುಗಿಸುವಷ್ಟರಲ್ಲಿ ಪ್ರವಾಹ ಅವರನ್ನು ಒಂದು ಮೈಲಿ ಹಿಂದಕ್ಕೆ ತಳ್ಳಿತ್ತು. ಅದನ್ನು ಮತ್ತೆ ದಾಟುವುದೂ ಸೇರಿ ಒಟ್ಟು ಎರಡು ಗಂಟೆ ಹೋಯಿತು.

ಬಂಡೆ ಸಿಕ್ಕಿತು. ಅಲೆ ದೋಣಿಯನ್ನೆತ್ತಿ ಕಲ್ಲಿಗೆ ಬೀಸಿತು. ಅಂಬಿಗ ಹಗ್ಗ ಹಿಡಿದು ಹಾರಿದ. ಜಾರಿದ. ಪಟ್ಟಿ ಸುತ್ತಿದ ಕೈಯಲ್ಲೇ ಕಬ್ಬಿಣದ ಕೊಂಡಿಯನ್ನು ಹಿಡಿದು ತೂಗಾಡಿದ. ಬಿಡಲಿಲ್ಲ.

ದೀಪದಣ್ಣನಿಗೆ ಉಸಿರಿತ್ತು, ಎಚ್ಚರವಿರಲಿಲ್ಲ. ಪಾದ ಕಪ್ಪಗಾಗಿತ್ತು. ಇದ್ದ ಒಂದು ಬಾಟಲಿಯಿಂದ ದಾದಿ ಗಾಯ ತೊಳೆದು, ಹಲಗೆ ಕಟ್ಟಿದಳು.

ಹಿಂದಿರುಗುವಾಗ ಗಾಳಿ ತಿರುಗಿತು. ಅರ್ಧ ದಾರಿಯಲ್ಲಿ ಗೂಳಿಯ ಬಲಗೈ ಮುಷ್ಟಿ ಕಟ್ಟದಾಯಿತು. ಅವನು ಚುಕ್ಕಾಣಿಯನ್ನು ಕಂಕುಳಲ್ಲಿ ಅವುಚಿದ. ದಾದಿ ಹುಟ್ಟು ಹಿಡಿದಳು. ಅವಳ ಕೈಯಲ್ಲೂ ಗುಳ್ಳೆಯೆದ್ದವು. ಎಣಿಸಲು ಪುರಸೊತ್ತಿರಲಿಲ್ಲ.

ಅವರು ದಕ್ಕೆ ಮುಟ್ಟಿದಾಗ ದೀಪದಣ್ಣ ಬದುಕಿದ್ದ. ಸ್ಟ್ರೆಚರಿನ ಪಕ್ಕದಲ್ಲಿ, ಪಟ್ಟಣದಿಂದ ಬಂದಿದ್ದ ಡಾಕ್ಟರು ಪಾದವನ್ನೊತ್ತಿ ನೋಡಿ ತಲೆಯಾಡಿಸಿದರು.

“ಜೀವಕ್ಕೆ ಭಯವಿಲ್ಲ. ಕಾಲು ತೆಗೀಬೇಕು. ಎರಡು ಗಂಟೆ ಮುಂಚೆ ತಂದಿದ್ರೆ ಉಳಿಸೋಕೆ ನೋಡಬಹುದಿತ್ತು.”

ಅಂಬಿಗ ದಕ್ಕೆಯಲ್ಲಿ ನೆರೆದಿದ್ದ ಗುಂಪನ್ನು ಸೀಳಿಕೊಂಡು ಹೋಗಿ ಬಡಗಿಯ ಕೊರಳಪಟ್ಟಿ ಹಿಡಿದ. ಬ್ಯಾಂಡೇಜಿನಿಂದ ರಕ್ತ ಒಸರಿ ಬಡಗಿಯ ಅಂಗಿಗೆ ಹತ್ತಿತು.

“ಹುಟ್ಟಿಗೆ ವಾರ್ನಿಷ್ ಬಳಿದೋನು ನೀನೇ ತಾನೇ?”

“ನಾನು ಬೇಡ ಅಂದೆ ಮಾರಾಯ!” ಬಡಗಿ ಏದುಸಿರು ಬಿಟ್ಟ. “ಹಿಡಿ ಒರಟಾಗಿದೆ, ನನ್ನ ತಮ್ಮನ ಕೈ ನೋಯುತ್ತೆ ಅಂತ, ರಜೆ ಮುಗಿಸಿ ಹೋಗೋ ದಿನ ಶೆಡ್ಡಿನಲ್ಲಿ ಕೂತು ಎರಡೆರಡು ಸಲ ಬಳಿದ್ರು.”

“ಯಾರು?”

“ದೀಪದಣ್ಣ.”